ಬತ್ತಿಸಾಬ್

ಹಡಗಿನಲ್ಲಿ ಕೆಲಸ ಎಂದರೆ ನಮ್ಮ ಕುಂದಾಪುರದ ಕಡೆ ಯಾರೂ ಕಣ್ಣರಳಿಸುವುದಿಲ್ಲ. ಹಿತ್ತಿಲಿನಲ್ಲೇ ಕಡಲು ಬಿದ್ದುಕೊಂಡಿರುವಾಗ ಅದೇನು ದೊಡ್ಡ ಸಂಗತಿಯಲ್ಲ. ಕ್ಯಾಪ್ಟನ್ ಅಂದರೆ ಜನಕ್ಕೆ ಗೊತ್ತು, ಇಂಜಿನಿಯರ್ ಅಂದರೂ ಗೊತ್ತು. ನಾನು ಎಲೆಕ್ಟ್ರಿಕಲ್ ಆಫೀಸರ್ ಎಂದ ಕೂಡಲೇ ಮಾತ್ರ ಕೇಳಿದವರ ಮುಖದಲ್ಲಿ ಒಂದು ಬಗೆಯ ಕನಿಕರ ಮೂಡುತ್ತಿತ್ತು. "ಅಲ್ದಾ ಮರಾಯಾ, ಹಡಗಿಗೆ ಕರೆಂಟ್ ಎಲ್ಲಿಂದ ಬತ್ತ್?" ಎಂದು ಕೇಳಿದವರು ಹಲವರು. ಮುಂಬೈಯಿಂದ ವಯರು ಎಳೆದುಕೊಂಡು ಹೋಗುತ್ತೇವೆ ಎಂದು ಒಮ್ಮೆ ತಮಾಷೆಗೆ ಹೇಳಿದ್ದೆ. ಅದನ್ನು ನಂಬಿದವರೂ ಇದ್ದರು.

ಸರಿಯಾದ ಪ್ರಶ್ನೆ ಕೇಳಿದವರು ಒಬ್ಬರೇ. ನೆರೆಮನೆಯ ಹಿರಿಯರು, ವಿದ್ಯುತ್ ಮಂಡಳಿಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದವರು. "ನೆಲವೇ ಇಲ್ಲದಲ್ಲಿ ಅರ್ತಿಂಗ್ ಎಲ್ಲಿ ಮಾಡ್ತ್ರಿ?" ಎಂದು ಅವರು ಕೇಳಿದಾಗ ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು. ನನ್ನ ಅಷ್ಟು ವರ್ಷಗಳ ಉದ್ಯೋಗವೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ತಿರುಗಿದ್ದು.

ಹಡಗಿನೊಳಗೆ ನಮ್ಮನ್ನು ಎಲೆಕ್ಟ್ರಿಕಲ್ ಆಫೀಸರ್ ಎಂದು ಯಾರೂ ಕರೆಯುವುದಿಲ್ಲ. ಅಲ್ಲಿನ ಹಿಂದುಸ್ತಾನಿಯೇ ಬೇರೆ. ಚೀಫ್ ಇಂಜಿನಿಯರ್ ಬಡಾಸಾಬ್, ಥರ್ಡ್ ಇಂಜಿನಿಯರ್ ತೀನ್‌ಸಾಬ್, ಯಂತ್ರಗಳಿಗೆ ಎಣ್ಣೆ ಹಾಕಿ ನೋಡಿಕೊಳ್ಳುವವನು ತೇಲ್‌ವಾಲಾ, ಅಡುಗೆಯವನು ಭಂಡಾರಿ. ನಾನು ಬತ್ತಿಸಾಬ್. ಬತ್ತಿ ಎಂದರೆ ದೀಪ. ಬಲ್ಬು ಬದಲಿಸುವವನು ಎಂಬ ತಾತ್ಸಾರವೂ ಅದರಲ್ಲಿ ಸ್ವಲ್ಪ ಉಂಟು. ಕಾಗದದಲ್ಲೂ ನಮ್ಮ ಸ್ಥಿತಿ ಬಹಳ ಕಾಲ ಹಾಗೆಯೇ ಇತ್ತು. ಕ್ಯಾಪ್ಟನ್, ಇಂಜಿನಿಯರುಗಳಿಗೆಲ್ಲ ಅಂತರರಾಷ್ಟ್ರೀಯ ಕಟ್ಟಳೆಯ ಪ್ರಕಾರ ಅರ್ಹತಾ ಪತ್ರವಿರುತ್ತಿತ್ತು. ನಮಗೆ ಅಂಥ ಒಂದು ದರ್ಜೆ ಹುಟ್ಟಿದ್ದು 2010ರಲ್ಲಿ ಮನಿಲಾದಲ್ಲಿ ಆದ ತಿದ್ದುಪಡಿಯಿಂದ. ಜಾರಿಗೆ ಬಂದದ್ದು 2012ರ ಜನವರಿಯಿಂದ. ಅಲ್ಲಿಯವರೆಗೆ ನಾವು ಇದ್ದೂ ಇಲ್ಲದವರು.

ಲೈನ್‌ಮನ್ ಹಿರಿಯರ ಪ್ರಶ್ನೆಗೆ ಬರುತ್ತೇನೆ. ನಮ್ಮ ಮನೆಗಳಲ್ಲಿ ಹೊಂಡ ತೋಡಿ, ಉಪ್ಪು ಇದ್ದಿಲು ತುಂಬಿ, ಅದರೊಳಗೆ ತಗಡನ್ನೋ ಕೊಳವೆಯನ್ನೋ ಹುಗಿದು ಅರ್ತ್ ಮಾಡುತ್ತಾರಷ್ಟೆ. ಊರಿನ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ಕೂಡ ಹೀಗೆಯೇ ನೆಲಕ್ಕೆ ಕಟ್ಟಿಹಾಕಿದ್ದು. ಆದ್ದರಿಂದ ಮನೆಯ ಗ್ರೈಂಡರಿನೊಳಗೆ ಒಂದು ತಂತಿ ಮೈಗೆ ತಾಗಿತೋ, ಕರೆಂಟು ನೆಲಕ್ಕೆ ಓಡುತ್ತದೆ, ಫ್ಯೂಸ್ ಹಾರುತ್ತದೆ, ರುಬ್ಬುವುದು ನಿಲ್ಲುತ್ತದೆ. ರುಬ್ಬುವುದು ನಿಂತರೆ ನಷ್ಟವಿಲ್ಲ, ಮರುದಿನ ದೋಸೆ ಇಲ್ಲ, ಅಷ್ಟೆ. ಹಡಗಿನಲ್ಲಿ ಹಾಗೆ ನಿಲ್ಲುವುದು ಚುಕ್ಕಾಣಿಯ ಪಂಪು ಆಗಿರಬಹುದು. ಎದುರಿನಲ್ಲಿ ಇನ್ನೊಂದು ಹಡಗು ಬರುತ್ತಿರುವಾಗ ಒಂದು ತಂತಿ ಎಲ್ಲೋ ತಾಗಿತೆಂದು ಚುಕ್ಕಾಣಿ ನಿಂತರೆ ಹೇಗೆ? ಅದಕ್ಕೇ ಹಡಗು ಕಟ್ಟುವವರು ಬೇರೆ ದಾರಿ ಹಿಡಿದರು. ಮೋಟಾರುಗಳ ಮೈಯನ್ನೆಲ್ಲ ಹಡಗಿನ ಕಬ್ಬಿಣದ ಮೈಗೆ ಜೋಡಿಸುತ್ತಾರೆ, ಆದರೆ ಜನರೇಟರಿನಿಂದ ಬರುವ 440 ವೋಲ್ಟಿನ ಮೂರು ಫೇಸುಗಳನ್ನು ಹಡಗಿನ ಮೈಗೆ ಎಲ್ಲಿಯೂ ಕಟ್ಟುವುದಿಲ್ಲ. ಒಂದು ಫೇಸು ಎಲ್ಲಿಯಾದರೂ ಕಬ್ಬಿಣಕ್ಕೆ ತಾಗಿದರೆ ಕರೆಂಟಿಗೆ ಹಿಂತಿರುಗಲು ದಾರಿಯೇ ಇಲ್ಲ. ಫ್ಯೂಸ್ ಹಾರುವುದಿಲ್ಲ, ಬ್ರೇಕರ್ ಬೀಳುವುದಿಲ್ಲ, ಮೋಟಾರು ತಿರುಗುತ್ತಲೇ ಇರುತ್ತದೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಗೊತ್ತಾಗುವುದು ಮೂರು ದೀಪಗಳಿಗೆ ಮಾತ್ರ. ಇಂಜಿನ್ ರೂಮಿನ ದೊಡ್ಡ ಸ್ವಿಚ್‌ಬೋರ್ಡಿನ ಮುಂಭಾಗದಲ್ಲಿ ಅವು ಸಾಲಾಗಿ ಇರುತ್ತವೆ, ಫೇಸಿಗೊಂದರಂತೆ. ಎಲ್ಲ ಸರಿಯಿದ್ದರೆ ಮೂರೂ ಒಂದೇ ಸಮನಾಗಿ, ಸ್ವಲ್ಪ ಮಂಕಾಗಿಯೇ ಉರಿಯುತ್ತವೆ. ಒಂದು ಫೇಸು ಹಡಗಿನ ಮೈಗೆ ತಾಗಿದರೆ ಅದರ ದೀಪ ಆರುತ್ತದೆ, ಉಳಿದೆರಡು ಪ್ರಖರವಾಗುತ್ತವೆ. ಹೊಸ ಹಡಗುಗಳಲ್ಲಿ ಮೆಗಾಓಮ್ ತೋರಿಸುವ ಮೀಟರೂ ಅಲಾರಮ್ಮೂ ಇರುತ್ತವೆ. ನನಗೆ ದೀಪಗಳ ಮೇಲೆಯೇ ಹೆಚ್ಚು ಪ್ರೀತಿ.

ಮೊದಲ ಫಾಲ್ಟಿನಿಂದ ಏನೂ ಕೆಡುವುದಿಲ್ಲ ಎಂಬುದೇ ನಮ್ಮ ದೊಡ್ಡ ತಲೆನೋವು. ಕೆಡದ ಮೇಲೆ ಅದನ್ನು ಹುಡುಕಲು ಬಿಡುವವರು ಯಾರು? ಹುಡುಕುವ ವಿಧಾನ ಒಂದೇ. ಬ್ರೇಕರುಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗುವುದು, ದೀಪ ಯಾವಾಗ ಸಮನಾಗುತ್ತದೆಂದು ನೋಡುವುದು. ಹೇಳಲಿಕ್ಕೆ ಸುಲಭ. ಆದರೆ ಹಡಗಿನ ಒಂದೊಂದು ಬ್ರೇಕರಿನ ಹಿಂದೆಯೂ ಒಬ್ಬೊಬ್ಬ ಮನುಷ್ಯನಿದ್ದಾನೆ. ಎಸಿ ತೆಗೆದರೆ ಕ್ಯಾಪ್ಟನ್ ಫೋನ್ ಮಾಡುತ್ತಾರೆ, ಕೋಲ್ಡ್ ರೂಮ್ ತೆಗೆದರೆ ಭಂಡಾರಿ ಓಡಿಬರುತ್ತಾನೆ, ಎಣ್ಣೆ ಸೋಸುವ ಯಂತ್ರ ತೆಗೆದರೆ ತೀನ್‌ಸಾಬ್ ಸ್ಪ್ಯಾನರ್ ಹಿಡಿದುಕೊಂಡೇ ಬರುತ್ತಾರೆ. "ಹಡಗು ನಡೀತಾ ಉಂಟಲ್ಲ, ಬಂದರಿಗೆ ಹೋದ ಮೇಲೆ ನೋಡುವ" ಎಂಬ ಮಾತನ್ನು ನಾನು ಎಷ್ಟು ಭಾಷೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ.

2006ರ ಸೆಪ್ಟೆಂಬರಿನಲ್ಲಿ ನನಗೆ ಸಿಕ್ಕಿದ್ದು ಬಾಂಬೆ ಹೈಗೆ ಸಾಮಾನು ಸಾಗಿಸುವ ಒಂದು ಸಪ್ಲೈ ಹಡಗು. ಅರುವತ್ತು ಮೀಟರ್ ಉದ್ದ, ಹಿಂಭಾಗ ಪೂರ್ತಿ ಬಯಲು ಅಂಗಳ. ಕೊಳವೆ, ಸಿಮೆಂಟು, ಡೀಸೆಲ್, ಕುಡಿಯುವ ನೀರು, ತರಕಾರಿ ಎಲ್ಲವನ್ನೂ ಹೊತ್ತುಕೊಂಡು ಹೋಗಿ, ಎಣ್ಣೆ ತೆಗೆಯುವ ವೇದಿಕೆಗಳ ಬುಡದಲ್ಲಿ ಬೆನ್ನು ಕೊಟ್ಟು ನಿಲ್ಲಬೇಕು. ಮೇಲಿನ ಕ್ರೇನು ಒಂದೊಂದನ್ನೇ ಎತ್ತಿಕೊಳ್ಳುತ್ತದೆ. ಹಾಗೆ ನಿಂತಿರುವ ಗಂಟೆಗಟ್ಟಲೆ ಹೊತ್ತು ಹಡಗಿನ ಮೂತಿ ಅತ್ತಿತ್ತ ಹೋಗದಂತೆ ಹಿಡಿಯುವುದು ಮುಂದಿನ ಥ್ರಸ್ಟರ್, ಅಂದರೆ ಮೂತಿಯ ಅಡಿಯಲ್ಲಿ ಅಡ್ಡಡ್ಡವಾಗಿ ನೀರು ತಳ್ಳುವ ಪಂಖ. ಅದರ ಎಲೆಗಳ ಓರೆಯನ್ನು ಬದಲಿಸಲು ಒಂದು ಸಣ್ಣ ಹೈಡ್ರಾಲಿಕ್ ಪಂಪು. ಆ ಪಂಪು ನಿಂತರೆ ಥ್ರಸ್ಟರೂ ನಿಲ್ಲುತ್ತದೆ.

ಭಾವುಚಾ ಧಕ್ಕಾದಿಂದ ಲಾಂಚ್ ಹತ್ತಿ, ಲಂಗರು ಹಾಕಿದ್ದ ಆ ಹಡಗಿಗೆ ಹೋದಾಗ ಹಿಂದಿನ ಬತ್ತಿಸಾಬ್ ಪೆಟ್ಟಿಗೆ ಕಟ್ಟಿ ನಿಂತಿದ್ದ. ಪಾಪ, ಸೋತುಹೋಗಿದ್ದ. ವೇದಿಕೆಯ ಬುಡದಲ್ಲೇ ಎರಡು ಸಲ ಆ ಪಂಪು ತನ್ನಷ್ಟಕ್ಕೆ ನಿಂತಿತ್ತಂತೆ. ಎರಡು ಸಲವೂ ಕ್ಯಾಪ್ಟನ್ ಹೇಗೋ ಹಡಗನ್ನು ಈಚೆ ಎಳೆದುಕೊಂಡಿದ್ದರು. ಮೊದಲ ಸಲ ಪಂಪಿನ ಮೋಟಾರು ಬದಲಿಸಿದರು. ಮೂರು ವಾರದ ಮೇಲೆ ಮತ್ತೆ ಹಾಗೆಯೇ ಆಗಲು ಎರಡನೆಯ ಮೋಟಾರು ಹಾಕಿದರು. ಬಿಚ್ಚಿ ತಂದ ಎರಡನ್ನೂ ವರ್ಕ್‌ಶಾಪಿನಲ್ಲಿ ಮೆಗ್ಗರ್ ಇಟ್ಟು ನೋಡಿದರೆ ಯಾವ ದೋಷವೂ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಅದು.

ಆ ಕಡಲಿನಲ್ಲಿ ಆ ಕಾಲದಲ್ಲಿ ಥ್ರಸ್ಟರ್ ಎಂಬ ಶಬ್ದವನ್ನು ಯಾರೂ ಹಗುರವಾಗಿ ಆಡುತ್ತಿರಲಿಲ್ಲ. ಹಿಂದಿನ ವರ್ಷ, 2005ರ ಜುಲೈ 27ರಂದು, ಮುಂಬೈ ಇನ್ನೂ ಹಿಂದಿನ ದಿನದ ಮಹಾಮಳೆಯಲ್ಲಿ ಮುಳುಗಿದ್ದಾಗ, ಕೈಗೆ ಗಾಯವಾದ ಒಬ್ಬ ಅಡುಗೆಯವನನ್ನು ವೇದಿಕೆಗೆ ದಾಟಿಸಲೆಂದು ಒಂದು ಹಡಗು ಬಾಂಬೆ ಹೈ ಉತ್ತರ ವೇದಿಕೆಯ ಹತ್ತಿರಕ್ಕೆ ಹೋಗಿತ್ತು. ಅದರ ಒಂದು ಥ್ರಸ್ಟರಿನಲ್ಲಿ ತೊಂದರೆಯಿತ್ತು. ದಾಟಿಸಿಯಾದ ಮೇಲೆ ಹಡಗು ಅನಿಲದ ಕೊಳವೆಗೆ ಬಡಿಯಿತು, ಬೆಂಕಿ ಹತ್ತಿತು. ಇಡೀ ವೇದಿಕೆ ಸುಮಾರು ಎರಡು ಗಂಟೆಯೊಳಗೆ ಸುಟ್ಟು ಕಡಲು ಸೇರಿತು. ಸತ್ತವರು 22 ಜನ. ನಮ್ಮ ಕ್ಯಾಪ್ಟನ್ ಆ ದಿನ ಬೇರೊಂದು ಹಡಗಿನಲ್ಲಿ ಅದೇ ಕಡಲಿನಲ್ಲಿದ್ದವರು. ಅಷ್ಟನ್ನು ಮಾತ್ರ ಅವರು ನನಗೆ ಹೇಳಿದ್ದು. ಅದಕ್ಕಿಂತ ಹೆಚ್ಚು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾನು ಮೊದಲು ಮಾಡಿದ ಕೆಲಸ ಲಾಗ್ ಪುಸ್ತಕ ಓದಿದ್ದು. ಪಂಪು ನಿಂತ ಎರಡೂ ದಿನ ಭಾನುವಾರ. ಎರಡೂ ಬೆಳಿಗ್ಗೆ ಐದೂವರೆಯ ಆಚೀಚೆ. ಎರಡೂ ದಿನ ಅಲೆಯ ಉಬ್ಬರ ಚೆನ್ನಾಗಿತ್ತು. ವಾರ ನೋಡಿ ಕೆಡುವ ಯಂತ್ರವನ್ನು ನಾನು ಕಂಡಿಲ್ಲ. ವಾರ ನೋಡಿ ಕೆಲಸ ಮಾಡುವವರು ಮನುಷ್ಯರು. ಹಾಗಾದರೆ ಈ ಹಡಗಿನಲ್ಲಿ ಭಾನುವಾರ ಬೆಳಿಗ್ಗೆ ಯಾರೋ ಏನೋ ಮಾಡುತ್ತಿದ್ದಾರೆ ಎಂದಾಯಿತು. ಅರ್ತ್ ದೀಪಗಳ ಪುಸ್ತಕ ನೋಡಿದರೆ ಪ್ರತಿದಿನವೂ "ಸರಿಯಿದೆ" ಎಂದೇ ಬರೆದಿತ್ತು. ಬರೆದದ್ದು ಸುಳ್ಳಲ್ಲ. ಆದರೆ ಬರೆದದ್ದೆಲ್ಲ ಬೆಳಿಗ್ಗೆ ಎಂಟು ಗಂಟೆಗೆ, ಚಾ ಕುಡಿದ ಮೇಲೆ.

ನಾಲ್ಕರಿಂದ ಎಂಟರ ಪಾಳಿಯ ತೇಲ್‌ವಾಲಾ ರತ್ನಾಗಿರಿಯ ಹುಡುಗ. ಅರ್ಧ ಗಂಟೆಗೊಮ್ಮೆ ಆ ಮೂರು ದೀಪಗಳನ್ನು ನೋಡು, ಸಮನಾಗಿಲ್ಲದಿದ್ದರೆ ನನ್ನನ್ನು ಎಬ್ಬಿಸು ಎಂದೆ. ಶನಿವಾರದವರೆಗೆ ಎಬ್ಬಿಸಲಿಲ್ಲ. ಭಾನುವಾರ ಐದು ಗಂಟೆಗೆ ಕ್ಯಾಬಿನ್ನಿನ ಫೋನು ಬಾರಿಸಿತು. "ಬತ್ತಿಸಾಬ್, ಏಕ್ ಬತ್ತಿ ಸೋ ಗಯೀ." ಒಂದು ದೀಪ ಮಲಗಿಬಿಟ್ಟಿದೆ. ಆ ಹುಡುಗ ಕವಿಯಾಗಬೇಕಿತ್ತು.

ಚಪ್ಪಲಿ ಹಾಕದೆ ಇಳಿದೆ. ಹಡಗು ಆಗ 500 ಮೀಟರಿನ ನಿಷಿದ್ಧ ವಲಯದ ಹೊರಗೆ ಸರದಿ ಕಾಯುತ್ತಿತ್ತು, ಆದ್ದರಿಂದ ಬ್ರೇಕರ್ ತೆಗೆಯಲು ಧೈರ್ಯವಿತ್ತು. ಅಡುಗೆಮನೆಯ ಪ್ಯಾನೆಲ್ ತೆಗೆದ ಕೂಡಲೇ ಮಲಗಿದ್ದ ದೀಪ ಎದ್ದು ಕೂತಿತು. ನಾನು ಮೇಲೆ ಹೋಗುವಷ್ಟರಲ್ಲಿ ಭಂಡಾರಿ ಬಾಗಿಲಲ್ಲೇ ನಿಂತಿದ್ದ. ಕಾರವಾರದ ಕಡೆಯವನು, ನನಗಿಂತ ಹಿರಿಯ, ಗೋವಾದ ಬೇಕರಿಯಲ್ಲಿ ಪಳಗಿದ ಕೈ. ವಾರವಿಡೀ ಮುಂಬೈಯಿಂದ ತಂದ ಬ್ರೆಡ್ಡು, ಭಾನುವಾರ ಮಾತ್ರ ಬೆಳಗಿನ ನಾಷ್ಟಾಕ್ಕೆ ಅವನೇ ಓವನ್ನಿನಲ್ಲಿ ಪಾವ್ ಮಾಡುತ್ತಿದ್ದ. ಇಡೀ ಹಡಗು ಆರು ದಿನ ಅದಕ್ಕಾಗಿಯೇ ಕಾಯುತ್ತಿತ್ತು.

"ಹಿಟ್ಟು ಉಬ್ಬಿ ನಿಂತದೆ ಸಾಹೇಬ್ರೆ, ಈಗ ಕರೆಂಟು ತೆಗೆದ್ರೆ ಎಲ್ಲ ಹಾಳು" ಎಂದ.

ವಿಷಯ ಇಷ್ಟೇ. ಓವನ್ನಿನ ಹೀಟರ್ ಕಡ್ಡಿಯೊಳಗೆ ತಂತಿಯ ಸುತ್ತ ಬಿಳಿ ಪುಡಿ ತುಂಬಿರುತ್ತದೆ. ಕಡ್ಡಿಯ ತುದಿಯಲ್ಲಿ ಬಿರುಕು ಬಿಟ್ಟರೆ ಆ ಪುಡಿ, ಮಳೆಗಾಲದ ಉಪ್ಪಿನ ಡಬ್ಬಿಯಂತೆ, ಗಾಳಿಯಲ್ಲಿನ ತೇವವನ್ನೆಲ್ಲ ಎಳೆದುಕೊಳ್ಳುತ್ತದೆ. ಆರು ದಿನ ತಣ್ಣಗೆ ಕೂತ ಓವನ್ನಿಗೆ ಏಳನೆಯ ದಿನ ಸ್ವಿಚ್ ಹಾಕಿದಾಗ ತೇವದ ದಾರಿಯಲ್ಲಿ ಒಂದು ಫೇಸು ಹಡಗಿನ ಮೈಗೆ ಇಳಿಯುತ್ತದೆ. ಗಂಟೆಯೊಳಗೆ ಕಾಯುತ್ತದೆ, ತೇವ ಆರುತ್ತದೆ, ದೋಷ ತಾನೇ ಮಾಯ. ಎಂಟು ಗಂಟೆಗೆ ಬಂದು ನೋಡಿದವನಿಗೆ ಮೂರು ದೀಪಗಳೂ ಒಂದೇ ಸಮ.

ಓವನ್ನಿಗೆ ಬೀಗ ಹಾಕಬೇಕು ಎಂದಾಗ ಭಂಡಾರಿಯ ಮುಖ ಕಪ್ಪಿಟ್ಟಿತು. ಪಾವ್ ಹೋಯಿತೆಂದಲ್ಲ. "ಥ್ರಸ್ಟರ್ ಇರೋದು ಮೂತಿಯ ಅಡಿಯಲ್ಲಿ, ನನ್ನ ಓವನ್ ಇಲ್ಲಿ. ಅಷ್ಟು ದೊಡ್ಡ ಹಡಗು ಬಡಿದುಹೋಗ್ತಿತ್ತು, ಅದು ನನ್ನ ಪಾವ್‌ನಿಂದ ಅಂತ ಬರೀತೀರಾ?" ಎಂದು ಕೇಳಿದ. ಹಿಂದಿನ ವರ್ಷದ ಬೆಂಕಿಯ ಕಥೆಯಲ್ಲೂ ಒಬ್ಬ ಅಡುಗೆಯವನಿದ್ದ ಎಂಬುದು ಅವನ ಮನಸ್ಸಿನಲ್ಲಿ ಕೊರೆಯುತ್ತಿದ್ದಿರಬೇಕು.

ಅವನನ್ನು ಕೂರಿಸಿ ಹೇಳಿದೆ. "ಗದ್ದೆಯ ಬೇಲಿಯಲ್ಲಿ ಒಂದೇ ಕಂಡಿಯಿದ್ದರೆ ದನ ಒಳಗೆ ಬಂದು ಅಲ್ಲೇ ನಿಲ್ಲುತ್ತದೆ. ಆಚೆ ಬದಿಯಲ್ಲೂ ಒಂದು ಕಂಡಿಯಾದರೆ ಅದು ದಾರಿಯಾಗುತ್ತದೆ. ನಿಮ್ಮ ಓವನ್ನು ಈಚೆಯ ಕಂಡಿ. ಆಚೆಯ ಕಂಡಿ ಬೇರೆ ಫೇಸಿನಲ್ಲಿ, ಥ್ರಸ್ಟರಿನ ಪಂಪಿನ ಹತ್ತಿರ ಎಲ್ಲೋ ಇದೆ. ಎರಡೂ ಒಟ್ಟಿಗೆ ತೆರೆದ ಹೊತ್ತಿಗೆ ಕರೆಂಟು ಹಡಗಿನ ಮೈಯ ಮೇಲೆಯೇ ಓಡಿದೆ. ನಿಮ್ಮ ಓವನ್ನಿನ ಬ್ರೇಕರ್ ದೊಡ್ಡದು, ತಡೆದುಕೊಂಡಿತು. ಪಂಪಿನ ರಿಲೇ ಸಣ್ಣದು, ಬಿತ್ತು. ಬಿದ್ದವನ ಮೇಲೆ ಎಲ್ಲರೂ ತಪ್ಪು ಹೊರಿಸಿದರು."

ಅವನಿಗೆ ಸಮಾಧಾನವಾಯಿತೋ ಇಲ್ಲವೋ, ಒಂದು ಲೋಟ ಚಾ ಕೊಟ್ಟ.

ಆಚೆಯ ಕಂಡಿ ಇನ್ನೂ ಸಿಕ್ಕಿರಲಿಲ್ಲ. ಅಷ್ಟರಲ್ಲಿ ವೇದಿಕೆಯಿಂದ ಕರೆ ಬಂತು: ಸರದಿ ಬಂದಿದೆ, ಒಳಗೆ ಬನ್ನಿ. ದಡದ ಆಫೀಸಿನಿಂದಲೂ ಫೋನು. ಮೂರನೆಯ ಮೋಟಾರು ಮುಂದಿನ ಲಾಂಚಿನಲ್ಲಿ ಬರುತ್ತದೆ, ಅಷ್ಟರಲ್ಲಿ ಸಾಮಾನು ಇಳಿಸಿಬಿಡಿ, ಹಡಗು ಕೆಲಸಕ್ಕಿಲ್ಲ ಎಂದು ಬರೆದರೆ ದಿನದ ಬಾಡಿಗೆ ನಿಲ್ಲುತ್ತದೆ ಎಂದು. ಅವರ ಮಾತಿನಲ್ಲಿ ಲೆಕ್ಕದ ತಪ್ಪೇನಿರಲಿಲ್ಲ. ಓವನ್ನಿಗೆ ಬೀಗ ಬಿದ್ದಾಯಿತು, ಒಂದು ಕಂಡಿ ಮುಚ್ಚಿದ ಮೇಲೆ ಪಂಪು ನಿಲ್ಲಲು ಕಾರಣವಿಲ್ಲ ಎಂದು ವಾದಿಸಬಹುದಿತ್ತು. ಬಡಾಸಾಬ್ ಹಾಗೆಯೇ ವಾದಿಸಿದರು. ಕ್ಯಾಪ್ಟನ್ ನನ್ನ ಕಡೆ ತಿರುಗಿ, "ಓವನ್ನಿನ ಹಾಗೆ ಇನ್ನೊಂದು ಇಲ್ಲ ಅಂತ ಹೇಳ್ತೀರಾ?" ಎಂದರು. ಆ ಹಡಗಿಗೆ ಬಂದು ವಾರವಾಗಿತ್ತಷ್ಟೆ. ಹೇಳಲಾರೆ, ಪಂಪಿನ ಕೇಬಲ್ ನೋಡಲು ಅರ್ಧ ಗಂಟೆ ಥ್ರಸ್ಟರ್ ನಿಲ್ಲಿಸಿ ಕೊಡಿ ಎಂದೆ. ಅವರು ಫೋನೆತ್ತಿ ವೇದಿಕೆಗೆ "ಇವತ್ತು ಬರುವುದಿಲ್ಲ" ಎಂದರು, ಆಫೀಸಿಗೂ ಅದನ್ನೇ ಹೇಳಿ ಇಟ್ಟುಬಿಟ್ಟರು. ಬಾಡಿಗೆಯ ಮಾತು ಆಮೇಲೆ ಅವರಿಗೆ ಸಾಕಷ್ಟು ಕೇಳಿಸಿರಬೇಕು.

ಎರಡು ಮೋಟಾರು ಬದಲಾಗಿದ್ದವು, ಕೇಬಲ್ ಮಾತ್ರ ಹಳೆಯದೇ ಎಂಬುದು ನನ್ನ ಗುಮಾನಿ. ಹಡಗನ್ನು ಅಲೆಗೆ ಅಡ್ಡವಾಗಿ ನಿಲ್ಲಿಸಿ ಎಂದು ಕೇಳಿಕೊಂಡೆ. ಇಂಥ ಬೇಡಿಕೆ ಇಟ್ಟ ಬತ್ತಿಸಾಬ್ ನಾನೊಬ್ಬನೇ ಇರಬೇಕು. ಥ್ರಸ್ಟರ್ ಕೋಣೆ ಬಾವಿಯಂತೆ ಆಳ, ಒಬ್ಬರಿಗಿಂತ ಹೆಚ್ಚು ಜನ ನಿಲ್ಲಲಾಗದು. ಎರಡೂ ತುದಿ ಬಿಚ್ಚಿದ ಕೇಬಲ್ಲಿಗೆ ಮೆಗ್ಗರ್ ಜೋಡಿಸಿ ಮೇಲೆ ನಾನು ಕೂತೆ. ಕೆಳಗೆ ತೇಲ್‌ವಾಲಾ ಸುತ್ತಿಗೆಯ ಮರದ ಹಿಡಿಯಿಂದ ಕೇಬಲ್ಲನ್ನು ಗೇಣು ಗೇಣಿಗೂ ಒತ್ತುತ್ತಾ ಬಂದ. ಮುಳ್ಳು ಅಲುಗಲಿಲ್ಲ. ಹಡಗು ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ಇಪ್ಪತ್ತು ನಿಮಿಷ ಕಳೆದು, ಅವನು ಒಂದು ಕಬ್ಬಿಣದ ಆಧಾರಪಟ್ಟಿಯ ತಿರುವಿಗೆ ಬಂದಾಗ ಹಡಗು ಬಲಕ್ಕೆ ವಾಲಿದ್ದೇ ಮುಳ್ಳು ಸೊನ್ನೆಗೆ ಬಿತ್ತು. ಎಡಕ್ಕೆ ವಾಲಿತು, ಎದ್ದಿತು. ಮತ್ತೆ ಬಲಕ್ಕೆ, ಮತ್ತೆ ಸೊನ್ನೆ. ಕೇಬಲ್ಲನ್ನು ಹಿಡಿದಿಡುವ ಒಂದು ಪಟ್ಟಿ ಯಾವಾಗಲೋ ಕಳಚಿತ್ತು. ವರ್ಷಗಟ್ಟಲೆ ಆ ಅಂಚಿಗೆ ಉಜ್ಜಿ ಉಜ್ಜಿ ಹುಣಸೆಬೀಜದಷ್ಟು ಜಾಗದಲ್ಲಿ ತಾಮ್ರ ಹೊಳೆಯುತ್ತಿತ್ತು.

ಹೊಸ ಕೇಬಲ್ ಎಳೆಯಲು ರಾತ್ರಿಯಾಯಿತು. ಸೋಮವಾರ ಒಳಗೆ ಹೋದೆವು. ಮೂರನೆಯ ಮೋಟಾರು ಬುಧವಾರ ಬಂತು. ನಾನು ಇಳಿಯುವವರೆಗೂ ಅದು ಮರದ ಪೆಟ್ಟಿಗೆಯಲ್ಲೇ ಸ್ಟೋರಿನಲ್ಲಿತ್ತು. ಓವನ್ನಿನ ಕಡ್ಡಿ ಬರಲು ಮಾತ್ರ ಐದು ವಾರ ಹಿಡಿಯಿತು. ಐದು ಭಾನುವಾರ ಇಡೀ ಹಡಗು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ನಿವೃತ್ತನಾಗಿ ಊರಿನಲ್ಲಿ ಕೂತ ಮೇಲೆ, 2024ರ ಮಾರ್ಚ್ 26ರ ಸುದ್ದಿ ಟಿ.ವಿ.ಯಲ್ಲಿ ಬಂತು. ಅಮೆರಿಕದ ಬಾಲ್ಟಿಮೋರ್ ಬಂದರಿನಿಂದ ನಡುರಾತ್ರಿ ಹೊರಟ ಡಾಲಿ ಎಂಬ ಕಂಟೇನರ್ ಹಡಗು ಕರೆಂಟು ಹೋಗಿ ಸೇತುವೆಯ ಕಂಬಕ್ಕೆ ಬಡಿದು, ಸೇತುವೆ ಕುಸಿದ ಸುದ್ದಿ. ಮೇಲೆ ರಸ್ತೆ ರಿಪೇರಿ ಮಾಡುತ್ತಿದ್ದ ಆರು ಜನ ಸತ್ತರು. ಹಡಗಿನ ಹೆಚ್ಚಿನವರು ನಮ್ಮ ದೇಶದವರೇ. ಕರೆಂಟು ಹೋದದ್ದನ್ನು ತಿಳಿದ ಪೈಲಟ್ ಕೂಡಲೇ ಎಚ್ಚರಿಸಿದ್ದರಿಂದ ಪೊಲೀಸರು ಸೇತುವೆಯ ವಾಹನಗಳನ್ನು ತಡೆದರು, ಇಲ್ಲದಿದ್ದರೆ ಸತ್ತವರ ಸಂಖ್ಯೆ ಹೇಳಲಾಗದು. ಅಲ್ಲಿನ ತನಿಖಾ ಮಂಡಳಿ 2025ರ ನವೆಂಬರಿನಲ್ಲಿ ಕಾರಣ ಹೇಳಿತು. ಒಂದು ತಂತಿ ಸಡಿಲವಿತ್ತು. ಗುರುತಿಗೆಂದು ತಂತಿಗೆ ತೊಡಿಸಿದ ಹೆಸರಿನ ಪಟ್ಟಿ ಒಂದಿಷ್ಟು ಮುಂದಕ್ಕೆ ಬಂದು, ತಂತಿಯ ತುದಿ ಟರ್ಮಿನಲ್ಲಿನೊಳಗೆ ಪೂರ್ತಿ ಇಳಿಯಲು ಬಿಟ್ಟಿರಲಿಲ್ಲ. ಅದು ಹಾಗೆಯೇ ಎಷ್ಟೋ ಸಮುದ್ರ ದಾಟಿರಬೇಕು. ಮುನ್ನೂರು ಮೀಟರ್ ಉದ್ದದ ಹಡಗು, ಸಾವಿರಾರು ತಂತಿಗಳು, ಅವುಗಳಲ್ಲಿ ಒಂದರ ತುದಿ. ಮನೆಯವರು ಊಟಕ್ಕೆ ಕರೆದರೂ ಆ ಪಟ್ಟಿಯ ಚಿತ್ರ ನೋಡುತ್ತಾ ಕೂತಿದ್ದೆ.

ಅಕ್ಕನ ಮಗ ಈಗ ನನ್ನದೇ ಕೆಲಸದಲ್ಲಿದ್ದಾನೆ. ಸರಿಯಾದ ಅರ್ಹತಾ ಪತ್ರ ಇರುವ ಬತ್ತಿಸಾಬ್. ಮೊನ್ನೆ ಸಿಂಗಾಪುರದ ಹತ್ತಿರದಿಂದ ಫೋನ್ ಮಾಡಿದ. "ಮಾವ, ಅರ್ತ್ ಅಲಾರಂ ಆಗಾಗ ಬರ್ತಾ ಉಂಟು, ನಾನು ಹೋಗುವಾಗ ಇರುದಿಲ್ಲ. ಚೀಫ್ ರೀಸೆಟ್ ಮಾಡಿ ಬಿಟ್ಟುಬಿಡು ಅಂತಾರೆ."

"ಯಾವ ಹೊತ್ತಿಗೆ ಬರ್ತದೆ?" ಎಂದು ಕೇಳಿದೆ. ನೋಡಿರಲಿಲ್ಲ. ನೋಡಿ ಬರೆದಿಡು, ಭಂಡಾರಿಯ ಹತ್ತಿರ ಸ್ವಲ್ಪ ಮಾತಾಡು ಎಂದೆ.

ನಾಲ್ಕನೆಯ ದಿನ ಮೊಬೈಲಿಗೆ ಒಂದು ಸಂದೇಶ ಬಂತು. "ಅಡುಗೆಮನೆ ಅಲ್ಲ ಮಾವ. ಲಾಂಡ್ರಿ. ವಾಷಿಂಗ್ ಮೆಷಿನ್ನಿನ ಹೀಟರ್."